ಹೊಸ ಕಾರು ಆರಿಸುವುದು, ಟೆಸ್ಟ್ ಡ್ರೈವ್ ಮಾಡುವುದು ಹೇಗೆ? ಪಟ್ಟಿ ಮಾಡುವುದರಿಂದ ಡೆಲಿವರಿವರೆಗೆ ಸಮಗ್ರ ಮಾರ್ಗದರ್ಶಿ

ಶೋರೂಮಿನವರು ಕೊಡುವ ಟೆಸ್ಟ್ ಡ್ರೈವ್ ಸಾಮಾನ್ಯವಾಗಿ ಹತ್ತು ನಿಮಿಷದ್ದು. ಎದುರಿನ ಸರ್ವಿಸ್ ರೋಡಿನಲ್ಲಿ ಹೋಗಿ, ಒಂದು ಯೂ-ಟರ್ನ್ ಹೊಡೆದು ವಾಪಸ್ ಬರುವುದು. ಎಸಿ ತಣ್ಣಗಿರುತ್ತದೆ, ಹಾಡು ಹಾಕಿರುತ್ತಾರೆ, ಪಕ್ಕದಲ್ಲಿ ಕೂತ ಸೇಲ್ಸ್‌ನವರು ಒಂದಾದ ಮೇಲೊಂದು ಫೀಚರ್ ತೋರಿಸುತ್ತಾರೆ. ಹಾಗೆ ಓಡಿಸಿದರೆ ಎಲ್ಲ ಕಾರೂ ಚೆನ್ನಾಗೇ ಇರುತ್ತದೆ. ಬೆನ್ನು ನೋವು, ಹಂಪ್ಸ್‌ಗೆ ತಳ ತಾಗುವ ಸದ್ದು, ಬೇಸ್‌ಮೆಂಟ್ ಏರಿನಲ್ಲಿ ಹಿಂದಕ್ಕೆ ಜಾರುವುದು ಇವೆಲ್ಲ ಗೊತ್ತಾಗುವುದು ಕಾರು ಮನೆಗೆ ಬಂದ ಮೇಲೆ. ಅಷ್ಟರಲ್ಲಿ ಇಎಂಐ ಶುರುವಾಗಿರುತ್ತದೆ.

ನಮ್ಮಲ್ಲಿ ಹೆಚ್ಚಿನವರು ಹತ್ತು ವರ್ಷಕ್ಕೊಂದು ಕಾರು ಕೊಳ್ಳುವವರು. ಐದೋ ಏಳೋ ವರ್ಷ ಸಾಲ ಕಟ್ಟುವವರು. ಅದಕ್ಕೆ ನಾನು ಹೇಳುವುದು ಇಷ್ಟೇ: ಶೋರೂಮಿನವರ ರಸ್ತೆಯಲ್ಲಿ ಕಾರು ಪರೀಕ್ಷೆ ಮಾಡಬೇಡಿ. ನಿಮ್ಮ ರಸ್ತೆಯಲ್ಲಿ, ನಿಮ್ಮ ಮನೆಯವರನ್ನು ಕೂರಿಸಿಕೊಂಡು, ನೀವು ಹೊರುವ ಭಾರ ಹಾಕಿಕೊಂಡು ಮಾಡಿ. ಹಾಗೆ ಮಾಡಲು ಏನೇನು ಬೇಕು ಅಂತ ಒಂದೊಂದೇ ಹಂತದಲ್ಲಿ ನೋಡೋಣ.

ಮೊದಲು ನಿಮ್ಮ ಓಡಾಟ ಬರೆದುಕೊಳ್ಳಿ

ಕಾರಿನ ಹೆಸರು ಯೋಚಿಸುವ ಮೊದಲು ಒಂದು ಹಾಳೆಯಲ್ಲಿ ನಾಲ್ಕು ವಿಷಯ ಬರೆಯಿರಿ. ದಿನಕ್ಕೆ ಎಷ್ಟು ಕಿಲೋಮೀಟರ್ ಓಡಿಸುತ್ತೀರಿ? ಅದರಲ್ಲಿ ಸಿಗ್ನಲ್, ಟ್ರಾಫಿಕ್ ಎಷ್ಟು, ಖಾಲಿ ರಸ್ತೆ ಎಷ್ಟು? ಕಾರಿನಲ್ಲಿ ಸಾಮಾನ್ಯವಾಗಿ ಎಷ್ಟು ಜನ ಕೂರುತ್ತಾರೆ? ಕಾರು ನಿಲ್ಲಿಸುವ ಜಾಗ ಎಷ್ಟು ಉದ್ದ, ಎಷ್ಟು ಅಗಲ?

ಕೊನೆಯ ಪ್ರಶ್ನೆಯನ್ನು ಬಹಳ ಜನ ಬಿಟ್ಟುಬಿಡುತ್ತಾರೆ. ಟೇಪ್ ಹಿಡಿದು ಪಾರ್ಕಿಂಗ್ ಅಳೆಯಿರಿ. ಗೇಟಿನ ಅಗಲ, ಕಂಬದಿಂದ ಗೋಡೆಗೆ ಇರುವ ದೂರ, ಬಾಗಿಲು ತೆರೆದರೆ ಉಳಿಯುವ ಜಾಗ ಎಲ್ಲ ಬರೆದಿಟ್ಟುಕೊಳ್ಳಿ. ಕಾರಿನ ಅಗಲ ಅಂತ ಕಂಪನಿಯವರು ಕೊಡುವ ಲೆಕ್ಕದಲ್ಲಿ ಸಾಮಾನ್ಯವಾಗಿ ಕನ್ನಡಿಗಳು ಸೇರಿರುವುದಿಲ್ಲ. ಬೆಂಗಳೂರಿನ ಹಳೇ ಬಡಾವಣೆಗಳ ಅಡ್ಡರಸ್ತೆಯಲ್ಲಿ, ಮಂಗಳೂರಿನ ಏರುತಗ್ಗಿನ ಓಣಿಯಲ್ಲಿ ದಿನಾ ಕಾರು ತೆಗೆಯುವವರಿಗೆ ಕನ್ನಡಿಗಳ ಆ ಕೆಲವು ಇಂಚು ದೊಡ್ಡ ವಿಷಯ.

ಇನ್ನೊಂದು ಮಾತು. ವರ್ಷಕ್ಕೆ ಎರಡು ಸಲ ಹೋಗುವ ಟ್ರಿಪ್ ನೆನೆದು ಏಳು ಸೀಟಿನ ಕಾರು ಕೊಳ್ಳಬೇಡಿ. ಆ ಎರಡು ಸಲಕ್ಕೆ ಬಾಡಿಗೆ ಕಾರು ಸಿಗುತ್ತದೆ. ಉಳಿದ ದಿನಗಳಲ್ಲಿ ಆ ಉದ್ದದ ಕಾರನ್ನು ಟ್ರಾಫಿಕ್ಕಿನಲ್ಲಿ ಎಳೆದಾಡುವವರು ನೀವೇ.

ದುಡ್ಡಿನ ಲೆಕ್ಕ: ಆನ್-ರೋಡ್ ಬೆಲೆ ಮಾತ್ರ ಬೆಲೆ

ಜಾಹೀರಾತಿನಲ್ಲಿ ಕಾಣುವುದು ಎಕ್ಸ್-ಶೋರೂಮ್ ಬೆಲೆ. ಅದರ ಮೇಲೆ ರಸ್ತೆ ತೆರಿಗೆ, ಇನ್ಶೂರೆನ್ಸ್, ನೋಂದಣಿ ಶುಲ್ಕ, ಫಾಸ್ಟ್ಯಾಗ್ ಸೇರಿದರೆ ಆನ್-ರೋಡ್ ಬೆಲೆ. ದೇಶದಲ್ಲೇ ರಸ್ತೆ ತೆರಿಗೆ ಜಾಸ್ತಿ ಇರುವ ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ಪೆಟ್ರೋಲ್, ಡೀಸೆಲ್ ಕಾರುಗಳಿಗೆ 5 ಲಕ್ಷದವರೆಗೆ 13%, 5ರಿಂದ 10 ಲಕ್ಷಕ್ಕೆ 14%, 10ರಿಂದ 20 ಲಕ್ಷಕ್ಕೆ 17%, ಅದಕ್ಕಿಂತ ಮೇಲೆ 18%. ಈ ತೆರಿಗೆಯ ಮೇಲೆ ಮತ್ತೆ 11% ಸೆಸ್.

ಇಲ್ಲಿ ಒಂದು ಲೆಕ್ಕ ಗಮನಿಸಿ. 9.90 ಲಕ್ಷದ ವೇರಿಯಂಟಿಗೆ ತೆರಿಗೆ ಮತ್ತು ಸೆಸ್ ಸೇರಿ ಸುಮಾರು 1.54 ಲಕ್ಷ. ಸೇಲ್ಸ್‌ನವರು "ಇನ್ನು ಇಪ್ಪತ್ತೇ ಸಾವಿರ ಸರ್, ಸನ್‌ರೂಫ್ ಬರುತ್ತೆ" ಅಂತ 10.10 ಲಕ್ಷದ ವೇರಿಯಂಟ್ ತೋರಿಸುತ್ತಾರೆ. ಅದಕ್ಕೆ ತೆರಿಗೆ, ಸೆಸ್ ಸುಮಾರು 1.91 ಲಕ್ಷ. ಅಂದರೆ ಇಪ್ಪತ್ತು ಸಾವಿರದ ಜೊತೆಗೆ ಮೂವತ್ತೇಳು ಸಾವಿರ ತೆರಿಗೆಯೇ ಹೆಚ್ಚಾಯಿತು. ಬೆಲೆ 10 ಲಕ್ಷ ದಾಟಿದರೆ 1% ಟಿಸಿಎಸ್ (ಮಾರುವವರೇ ಹಿಡಿದು ಸರ್ಕಾರಕ್ಕೆ ಕಟ್ಟುವ ತೆರಿಗೆ) ಕೂಡ ಹಿಡಿಯುತ್ತಾರೆ. ಅದು ಆದಾಯ ತೆರಿಗೆ ರಿಟರ್ನ್ಸ್ ಹಾಕುವಾಗ ಲೆಕ್ಕಕ್ಕೆ ಬರುತ್ತದೆ, ಆದರೆ ಕೊಳ್ಳುವ ದಿನ ಕೈಯಿಂದ ಕೊಡಲೇಬೇಕು. ನಿಮ್ಮ ಬಜೆಟ್ 10 ಲಕ್ಷದ ಗೆರೆಯ ಹತ್ತಿರ ಇದ್ದರೆ ಈ ಲೆಕ್ಕ ಹಾಕದೆ ವೇರಿಯಂಟ್ ಒಪ್ಪಬೇಡಿ. ತೆರಿಗೆ ದರ ಬದಲಾಗುತ್ತಿರುತ್ತದೆ, ಹಾಗಾಗಿ ಬುಕಿಂಗ್ ಮಾಡುವ ವಾರದ ದರ ಕೇಳಿ ಖಚಿತ ಮಾಡಿಕೊಳ್ಳಿ.

ಜಿಎಸ್‌ಟಿ ಎಕ್ಸ್-ಶೋರೂಮ್ ಬೆಲೆಯೊಳಗೇ ಸೇರಿರುತ್ತದೆ. 2025ರ ಸೆಪ್ಟೆಂಬರ್ 22ರಿಂದ ಸಣ್ಣ ಕಾರುಗಳಿಗೆ 18% ಆಗಿದೆ. ಸಣ್ಣ ಕಾರು ಅಂದರೆ ನಾಲ್ಕು ಮೀಟರ್ ಒಳಗಿನ ಉದ್ದ, ಪೆಟ್ರೋಲ್ ಆದರೆ 1200 ಸಿಸಿ, ಡೀಸೆಲ್ ಆದರೆ 1500 ಸಿಸಿ ಮೀರದ ಎಂಜಿನ್. ಅದಕ್ಕಿಂತ ದೊಡ್ಡದಕ್ಕೆ 40%, ಎಲೆಕ್ಟ್ರಿಕ್ ಕಾರಿಗೆ 5%. ಇದಕ್ಕಿಂತ ಹಿಂದಿನ ಯೂಟ್ಯೂಬ್ ವೀಡಿಯೊಗಳಲ್ಲಿ ಹೇಳಿರುವ ಬೆಲೆ ನಂಬಿ ಬಜೆಟ್ ಹಾಕಬೇಡಿ.

ಸಾಲ ಬೇಕಿದ್ದರೆ ಶೋರೂಮಿಗೆ ಹೋಗುವ ಮೊದಲೇ ನಿಮ್ಮ ಬ್ಯಾಂಕಿನಲ್ಲಿ ಕೇಳಿ ಬನ್ನಿ. ಕೈಯಲ್ಲಿ ಒಂದು ದರ ಇದ್ದರೆ ಶೋರೂಮಿನ ಫೈನಾನ್ಸ್‌ನವರ ಜೊತೆ ಮಾತಾಡಲು ಧೈರ್ಯ ಬರುತ್ತದೆ. ಬಡ್ಡಿ, ಪ್ರೊಸೆಸಿಂಗ್ ಶುಲ್ಕ, ಮುಂಚೆಯೇ ತೀರಿಸಿದರೆ ದಂಡ ಎಲ್ಲ ಸೇರಿಸಿದ ಕೀ ಫ್ಯಾಕ್ಟ್ ಸ್ಟೇಟ್‌ಮೆಂಟ್ ಕೊಡಬೇಕೆಂದು ರಿಸರ್ವ್ ಬ್ಯಾಂಕ್ ನಿಯಮವೇ ಇದೆ. ಕೇಳಿ ತೆಗೆದುಕೊಳ್ಳಿ.

ಪೆಟ್ರೋಲ್, ಡೀಸೆಲ್, ಸಿಎನ್‌ಜಿ, ಎಲೆಕ್ಟ್ರಿಕ್

ದಿನಕ್ಕೆ ಇಪ್ಪತ್ತು ಮೂವತ್ತು ಕಿಲೋಮೀಟರ್ ಓಡಿಸುವ ಮನೆಗೆ ಪೆಟ್ರೋಲ್ ಸಾಕು. ಡೀಸೆಲ್ ಬೇಕಾಗುವುದು ಹೆದ್ದಾರಿಯಲ್ಲಿ ದೂರದೂರ ಹೋಗುವವರಿಗೆ. ಬಿಎಸ್6 (ಈಗಿನ ಹೊಗೆ ಮಿತಿ ನಿಯಮ) ಡೀಸೆಲ್ ಕಾರುಗಳ ಸೈಲೆನ್ಸರ್ ದಾರಿಯಲ್ಲಿ ಮಸಿ ಹಿಡಿಯುವ ಒಂದು ಫಿಲ್ಟರ್ ಇರುತ್ತದೆ. ಎಂಜಿನ್ ಚೆನ್ನಾಗಿ ಬಿಸಿಯಾಗಿ ಸ್ವಲ್ಪ ಹೊತ್ತು ಒಂದೇ ವೇಗದಲ್ಲಿ ಓಡಿದರೆ ಆ ಮಸಿ ಉರಿದು ಹೋಗುತ್ತದೆ. ಮಗುವನ್ನು ಸ್ಕೂಲಿಗೆ ಬಿಟ್ಟು ತರಕಾರಿ ತಂದು ನಿಲ್ಲಿಸುವ ಕಾರಾದರೆ ಮಸಿ ಉರಿಯಲು ಅವಕಾಶವೇ ಸಿಗುವುದಿಲ್ಲ, ಫಿಲ್ಟರ್ ಕಟ್ಟಿಕೊಂಡು ವಾರ್ನಿಂಗ್ ಲೈಟ್ ಬರುತ್ತದೆ. ಅಂಥವರಿಗೆ ಡೀಸೆಲ್ ಬೇಡವೇ ಬೇಡ.

ಸಿಎನ್‌ಜಿ ಕಾರು ಕೊಳ್ಳುವ ಮುಂಚೆ ನಿಮ್ಮ ದಿನದ ದಾರಿಯಲ್ಲಿ ಬಂಕ್ ಎಲ್ಲಿದೆ, ಬೆಳಿಗ್ಗೆ ಅಲ್ಲಿ ಸಾಲು ಎಷ್ಟಿರುತ್ತದೆ ಹೋಗಿ ನೋಡಿ. ಡಿಕ್ಕಿಯನ್ನೂ ತೆರೆಸಿ ನೋಡಿ. ಸಿಲಿಂಡರ್ ಕೂತ ಮೇಲೆ ಉಳಿಯುವ ಜಾಗ, ಸ್ಟೆಪ್ನಿ ಎಲ್ಲಿಟ್ಟಿದ್ದಾರೆ ಅನ್ನುವುದು ಕಾರಿನಿಂದ ಕಾರಿಗೆ ಬೇರೆ.

ಎಲೆಕ್ಟ್ರಿಕ್ ಕಾರಿನ ವಿಷಯದಲ್ಲಿ ಪ್ರಶ್ನೆ ಒಂದೇ. ರಾತ್ರಿ ಕಾರು ನಿಲ್ಲಿಸುವ ಜಾಗದಲ್ಲಿ ಚಾರ್ಜಿಂಗ್ ಸಿಗುತ್ತದಾ? ಸ್ವಂತ ಮನೆಯಾದರೆ ಸುಲಭ. ಅಪಾರ್ಟ್‌ಮೆಂಟ್ ಆದರೆ ಸಂಘದ ಒಪ್ಪಿಗೆ ಬರಹದಲ್ಲಿ ಸಿಕ್ಕ ಮೇಲೆ ಬುಕ್ ಮಾಡಿ. ಕಂಪನಿ ಹೇಳುವ ರೇಂಜ್ ಪ್ರಯೋಗಾಲಯದ್ದು. ಎಸಿ ಹಾಕಿಕೊಂಡು ಹೆದ್ದಾರಿಯಲ್ಲಿ ಹೋದರೆ ಅದರ ಮುಕ್ಕಾಲು ಭಾಗವೋ, ಅದಕ್ಕೂ ಕಡಿಮೆಯೋ ಸಿಗುತ್ತದೆ ಅಂತ ಇಟ್ಟುಕೊಂಡೇ ಲೆಕ್ಕ ಹಾಕಿ.

ಗೇರು: ಮ್ಯಾನುಯಲ್ಲಾ, ಆಟೋಮ್ಯಾಟಿಕ್ಕಾ?

ಬೆಂಗಳೂರಿನ ಟ್ರಾಫಿಕ್ಕಿನಲ್ಲಿ ದಿನಾ ಎರಡು ಗಂಟೆ ಕಳೆಯುವವರು ಆಟೋಮ್ಯಾಟಿಕ್ ಓಡಿಸಿಯೇ ನೋಡಬೇಕು. ಆದರೆ ಆಟೋಮ್ಯಾಟಿಕ್ ಅನ್ನುವುದು ಒಂದೇ ಜಾತಿ ಅಲ್ಲ. ಎಎಂಟಿ ಅಂದರೆ ಮ್ಯಾನುಯಲ್ ಗೇರ್‌ಬಾಕ್ಸನ್ನೇ ಒಂದು ಯಂತ್ರ ಬದಲಾಯಿಸುವುದು. ಬೆಲೆ ಕಡಿಮೆ, ಮೈಲೇಜ್ ಚೆನ್ನಾಗಿರುತ್ತದೆ. ಗೇರ್ ಬದಲಾಗುವಾಗ ತಲೆ ಸ್ವಲ್ಪ ಮುಂದಕ್ಕೆ ಬಾಗುವಂಥ ತಡೆ ಇರುತ್ತದೆ. ಕೆಲವರಿಗೆ ಅದು ಗೊತ್ತೂ ಆಗುವುದಿಲ್ಲ, ಕೆಲವರಿಗೆ ತಲೆನೋವು ಬರುತ್ತದೆ. ಸಿವಿಟಿ ನಯವಾಗಿರುತ್ತದೆ, ಜೋರಾಗಿ ತುಳಿದರೆ ಮಾತ್ರ ವೇಗಕ್ಕಿಂತ ಮೊದಲು ಸದ್ದು ಏರುತ್ತದೆ. ಡ್ಯುಯಲ್ ಕ್ಲಚ್ ಚುರುಕು. ಆದರೆ ಇಂಚಿಂಚು ಸರಿಯುವ ಟ್ರಾಫಿಕ್ಕಿನಲ್ಲಿ ಬಿಸಿಯಾಗುವ ತೊಂದರೆ ಕೆಲವು ಮಾದರಿಗಳಲ್ಲಿ ಕಂಡಿದೆ, ಆ ಕಾರು ಇಟ್ಟುಕೊಂಡವರನ್ನು ಕೇಳಿ. ಟಾರ್ಕ್ ಕನ್ವರ್ಟರ್ ಹಳೇ ತಂತ್ರ, ನಯ, ಗಟ್ಟಿ, ಬೆಲೆ ಸ್ವಲ್ಪ ಜಾಸ್ತಿ. ನನ್ನನ್ನು ಕೇಳಿದರೆ ಬಜೆಟ್ ಒಪ್ಪಿದರೆ ಇದೇ ಒಳ್ಳೆಯದು.

ಸುರಕ್ಷತೆಯನ್ನು ಫೀಚರ್ ಪಟ್ಟಿಯ ಕೊನೆಗೆ ಹಾಕಬೇಡಿ

2023ರ ಅಕ್ಟೋಬರ್ 1ರಿಂದ ಭಾರತದಲ್ಲೇ ಕಾರುಗಳನ್ನು ಗುದ್ದಿಸಿ ಸ್ಟಾರ್ ಕೊಡುವ ಕ್ರ್ಯಾಶ್ ಟೆಸ್ಟ್ ನಡೆಯುತ್ತಿದೆ. ಅದರ ಹೆಸರು ಭಾರತ್ ಎನ್‌ಕ್ಯಾಪ್. ಕಾರನ್ನು ಗಂಟೆಗೆ 64 ಕಿಲೋಮೀಟರ್ ವೇಗದಲ್ಲಿ ಎದುರಿನ ತಡೆಗೆ ಗುದ್ದಿಸುತ್ತಾರೆ, ಪಕ್ಕದಿಂದ 50 ಕಿಲೋಮೀಟರ್ ವೇಗದಲ್ಲಿ ಗುದ್ದುತ್ತಾರೆ. ದೊಡ್ಡವರ ರಕ್ಷಣೆಗೆ 32 ಅಂಕ, ಮಕ್ಕಳ ರಕ್ಷಣೆಗೆ 49 ಅಂಕ. ಎರಡಕ್ಕೂ ಬೇರೆಬೇರೆ ಸ್ಟಾರ್ ಕೊಡುತ್ತಾರೆ. ಮನೆಯಲ್ಲಿ ಚಿಕ್ಕ ಮಗು ಇದ್ದರೆ ಎರಡನೆಯದನ್ನೂ ನೋಡಿ. ಎಷ್ಟೋ ಜಾಹೀರಾತುಗಳಲ್ಲಿ ಅದನ್ನು ಸಣ್ಣಕ್ಷರದಲ್ಲಿ ಹಾಕಿರುತ್ತಾರೆ.

ಸಣ್ಣ ಕಾರಿಗೆ ಒಳ್ಳೆ ಸ್ಟಾರ್ ಬರುವುದಿಲ್ಲ ಅನ್ನುವುದು ಈಗ ಸುಳ್ಳು. ಟಾಟಾ ನೆಕ್ಸಾನ್ 2018ರಲ್ಲೇ ಇಂಥದ್ದೇ ಅಂತಾರಾಷ್ಟ್ರೀಯ ಪರೀಕ್ಷೆಯಾದ ಗ್ಲೋಬಲ್ ಎನ್‌ಕ್ಯಾಪ್‌ನಲ್ಲಿ 5 ಸ್ಟಾರ್ ಪಡೆಯಿತು. 2024ರಲ್ಲಿ ಮಾರುತಿಯ ಹೊಸ ಡಿಜೈರ್‌ಗೂ ಸಿಕ್ಕಿತು. ಎರಡೂ ನಾಲ್ಕು ಮೀಟರ್ ಒಳಗಿನವು. ಹಾಗಾಗಿ ಬಜೆಟ್ ಕಡಿಮೆ ಅಂತ ಈ ವಿಷಯ ಬಿಟ್ಟುಕೊಡಬೇಕಿಲ್ಲ.

ಸ್ಟಾರ್ ನೋಡುವಾಗ ಯಾವ ವರ್ಷದ, ಯಾವ ಮಾದರಿಯ ಪರೀಕ್ಷೆ ಅಂತ ನೋಡಿ. ನೀವು ಕೊಳ್ಳುವ ವೇರಿಯಂಟಿನಲ್ಲಿ ಆರು ಏರ್‌ಬ್ಯಾಗ್, ಇಎಸ್‌ಸಿ, ಹಿಂದಿನ ನಡುವಿನ ಸೀಟಿಗೂ ಮೂರು ತುದಿಯ ಬೆಲ್ಟ್, ಮಗುವಿನ ಸೀಟು ಸಿಕ್ಕಿಸುವ ಐಸೋಫಿಕ್ಸ್ ಇದೆಯಾ ಅಂತ ಕೇಳಿ. ಮಳೆಯಲ್ಲಿ ಘಾಟಿಯ ತಿರುವಿನಲ್ಲಿ ಕಾರು ಜಾರಲು ಶುರುವಾದರೆ ಹಿಡಿದು ನಿಲ್ಲಿಸುವುದು ಇಎಸ್‌ಸಿ. ಮಲೆನಾಡು, ಕರಾವಳಿಯವರಂತೂ ಅದಿಲ್ಲದ ಕಾರು ಕೊಳ್ಳಲೇಬಾರದು. ಸನ್‌ರೂಫ್ ಬೇಕೋ ಇಎಸ್‌ಸಿ ಬೇಕೋ ಅನ್ನುವ ಸಂದರ್ಭ ಬಂದರೆ ಯೋಚಿಸುವ ಅಗತ್ಯವೇ ಇಲ್ಲ.

ಶೋರೂಮಿನಲ್ಲಿ ನಿಂತ ಕಾರನ್ನು ಪರೀಕ್ಷಿಸುವುದು

ಇಷ್ಟು ಹೊತ್ತಿಗೆ ನಿಮ್ಮ ಪಟ್ಟಿ ಎರಡು ಮೂರು ಕಾರಿಗೆ ಇಳಿದಿರಬೇಕು. ಈಗ ಮನೆಯವರನ್ನು ಕರೆದುಕೊಂಡು ಹೋಗಿ. ಭಾನುವಾರ ಬೇಡ, ವಾರದ ಮಧ್ಯೆ ಬೆಳಿಗ್ಗೆ ಹೋಗಿ. ಜನ ಕಡಿಮೆ ಇದ್ದರೆ ಸೇಲ್ಸ್‌ನವರಿಗೂ ನಿಮ್ಮ ಜೊತೆ ಸಮಾಧಾನವಾಗಿ ಮಾತಾಡಲು ಪುರುಸೊತ್ತು ಇರುತ್ತದೆ.

ಮೊದಲು ಅಮ್ಮನನ್ನೋ ಅತ್ತೆಯನ್ನೋ ಹಿಂದಿನ ಸೀಟಿಗೆ ಕೂರಿಸಿ. ನೀವು ಸಹಾಯ ಮಾಡಬೇಡಿ, ಅವರೇ ಹತ್ತಿ ಇಳಿಯಲಿ. ಸೀರೆ ಉಟ್ಟವರು ಹತ್ತುವಾಗ ಕಾಲು ಎಷ್ಟು ಎತ್ತಬೇಕು, ತಲೆ ಎಷ್ಟು ಬಗ್ಗಿಸಬೇಕು, ಇಳಿಯುವಾಗ ಬಾಗಿಲನ್ನು ಹಿಡಿದು ಮೇಲೇಳುತ್ತಾರಾ, ಗಮನಿಸಿ. ಮಂಡಿ ನೋವಿರುವವರಿಗೆ ತೀರಾ ತಗ್ಗಿನ ಸೆಡಾನ್ ಕಷ್ಟ, ತೀರಾ ಎತ್ತರದ ಎಸ್‌ಯುವಿಯೂ ಕಷ್ಟ. ಸೊಂಟದ ಮಟ್ಟಕ್ಕೆ ಸೀಟು ಬರುವ ಕಾರು ಅವರಿಗೆ ಸುಖ. "ಪರವಾಗಿಲ್ಲ ಕಣೋ" ಅಂತ ಅವರು ಹೇಳಿಯೇ ಹೇಳುತ್ತಾರೆ. ಆ ಮಾತು ನಂಬಬೇಡಿ, ಅವರ ಮುಖ ನೋಡಿ.

ಆಮೇಲೆ ನೀವು ಡ್ರೈವರ್ ಸೀಟನ್ನು ನಿಮಗೆ ಬೇಕಾದಂತೆ ಹೊಂದಿಸಿ, ಅದನ್ನು ಹಾಗೇ ಬಿಟ್ಟು ಹಿಂದೆ ಹೋಗಿ ಕೂತುಕೊಳ್ಳಿ. ಶೋರೂಮಿನಲ್ಲಿ ಮುಂದಿನ ಸೀಟನ್ನು ಪೂರ್ತಿ ಮುಂದಕ್ಕೆ ಎಳೆದಿಟ್ಟರೆ ಹಿಂದೆ ಎಲ್ಲ ಕಾರಿನಲ್ಲೂ ಜಾಗ ಜಾಸ್ತಿ ಕಾಣುತ್ತದೆ. ಹಿಂದೆ ಮೂವರು ಕೂತು ನೋಡಿ. ನಡುವೆ ಕೂತವರ ಕಾಲಡಿ ಉಬ್ಬು ಇದೆಯಾ, ಅವರಿಗೆ ತಲೆ ಒರಗಿಸಲು ಹೆಡ್‌ರೆಸ್ಟ್ ಇದೆಯಾ?

ಡಿಕ್ಕಿಯ ವಿಷಯಕ್ಕೆ ಬರೋಣ. ಲೀಟರ್ ಲೆಕ್ಕದಿಂದ ಏನೂ ತಿಳಿಯುವುದಿಲ್ಲ. ಊರಿಂದ ಬರುವಾಗ ನೀವು ತರುವುದು 25 ಕೆಜಿಯ ಅಕ್ಕಿ ಚೀಲ, ತೆಂಗಿನಕಾಯಿ ಮೂಟೆ, ಎರಡು ಸೂಟ್‌ಕೇಸ್. ಮನೆಯ ದೊಡ್ಡ ಸೂಟ್‌ಕೇಸ್ ಒಂದನ್ನು ಜೊತೆಗೇ ಒಯ್ದು ಇಟ್ಟು ನೋಡಿ. ಡಿಕ್ಕಿಯ ಅಂಚು ಎಷ್ಟು ಎತ್ತರದಲ್ಲಿದೆ ಅನ್ನುವುದು ಮುಖ್ಯ. ಅಂಚು ಎತ್ತರ ಇದ್ದು ಒಳಗೆ ಗುಂಡಿಯಂತಿದ್ದರೆ ಅಕ್ಕಿ ಚೀಲವನ್ನು ಮೊದಲು ಎದೆ ಮಟ್ಟಕ್ಕೆ ಎತ್ತಿ, ಆಮೇಲೆ ಬಗ್ಗಿ ಇಳಿಸಬೇಕು. ತೆಗೆಯುವಾಗ ಇನ್ನೂ ಕಷ್ಟ, ಬೆನ್ನು ಹಿಡಿದುಕೊಳ್ಳುವುದು ಆಗಲೇ.

ಎಸಿ ವೇಗ, ಉಷ್ಣತೆ ಬದಲಾಯಿಸಲು ತಿರುಗಿಸುವ ಬಟನ್ ಇದೆಯಾ, ಎಲ್ಲ ಟಚ್‌ಸ್ಕ್ರೀನ್ ಒಳಗಿದೆಯಾ ನೋಡಿ. ಕಣ್ಣು ರಸ್ತೆಯ ಮೇಲಿಟ್ಟು ಕೈ ಸವರಿಯೇ ಬದಲಾಯಿಸಲು ಆಗಬೇಕು.

ಟೆಸ್ಟ್ ಡ್ರೈವ್ ಬುಕ್ ಮಾಡುವಾಗ ಕೇಳಬೇಕಾದ್ದು

ಫೋನಿನಲ್ಲೇ ಮೂರು ವಿಷಯ ಹೇಳಿಬಿಡಿ. ನಾನು ಕೊಳ್ಳುವ ಎಂಜಿನ್, ಗೇರ್‌ಬಾಕ್ಸ್ ಇರುವ ಕಾರೇ ಬೇಕು. ಕನಿಷ್ಠ ಅರ್ಧ, ಮುಕ್ಕಾಲು ಗಂಟೆ ಬೇಕು. ದಾರಿ ನಾನು ಹೇಳಿದ್ದು. ಮ್ಯಾನುಯಲ್ ಕೊಳ್ಳುವವರಿಗೆ ಆಟೋಮ್ಯಾಟಿಕ್ ಕೊಟ್ಟು "ಎರಡೂ ಒಂದೇ ಸರ್" ಅನ್ನುವುದು ಸಾಮಾನ್ಯ. ಒಂದೇ ಅಲ್ಲ. ಟೆಸ್ಟ್ ಡ್ರೈವ್ ಕಾರು ಹೆಚ್ಚಾಗಿ ಟಾಪ್ ವೇರಿಯಂಟ್ ಆಗಿರುತ್ತದೆ, ಅದರ ಚಕ್ರ ದೊಡ್ಡದು. ಕೆಳಗಿನ ವೇರಿಯಂಟಿನ ಚಿಕ್ಕ ಚಕ್ರ, ದಪ್ಪ ಟೈರಿನಲ್ಲಿ ಗುಂಡಿಗಳು ಇನ್ನೂ ಮೆತ್ತಗೆ ದಾಟುವುದೂ ಉಂಟು. ಮನೆಗೇ ಕಾರು ತರುವ ಶೋರೂಮುಗಳು ಈಗ ಬಹಳ ಇವೆ. ಅದನ್ನೇ ಕೇಳಿ. ಹಾಗಾದರೆ ದಾರಿ ತಾನಾಗಿ ನಿಮ್ಮದಾಗುತ್ತದೆ.

ಒರಿಜಿನಲ್ ಲೈಸೆನ್ಸ್ ಇರಲಿ. ಏನಾದರೂ ಹಾನಿಯಾದರೆ ಯಾರು ಹೊಣೆ ಅನ್ನುವ ಫಾರಂಗೆ ಸಹಿ ಕೇಳಿದರೆ ಓದಿ ಸಹಿ ಹಾಕಿ.

ಹತ್ತುವ ಮುಂಚೆ ಓಡೋಮೀಟರ್ ನೋಡಿ, ಟೈರ್ ಗಾಳಿ ಕೇಳಿ. ಸಿಕ್ಕಸಿಕ್ಕವರು ಓಡಿಸಿದ ಡೆಮೊ ಕಾರಿನಲ್ಲಿ ಗಾಳಿ ಒಂದೊಂದು ಚಕ್ರಕ್ಕೆ ಒಂದೊಂದು ಥರ ಇರಬಹುದು. ಎಷ್ಟಿರಬೇಕು ಅನ್ನುವ ಸ್ಟಿಕ್ಕರ್ ಸಾಮಾನ್ಯವಾಗಿ ಡ್ರೈವರ್ ಬಾಗಿಲು ತೆರೆದರೆ ಕಂಬದ ಮೇಲೇ ಇರುತ್ತದೆ. ಗಾಳಿ ಹೆಚ್ಚಾಗಿದ್ದರೆ ಒಳ್ಳೆ ಕಾರೂ ಕುಕ್ಕುತ್ತದೆ.

ಈಗ ಓಡಿಸೋಣ

ಸೀಟು, ಸ್ಟೀರಿಂಗ್, ಕನ್ನಡಿ ಹೊಂದಿಸಿಕೊಳ್ಳಲು ಐದು ನಿಮಿಷ ತೆಗೆದುಕೊಳ್ಳಿ, ಅವಸರ ಬೇಡ. ಬಾನೆಟ್ಟಿನ ಅಂಚು ಕಾಣುತ್ತದಾ? ಮುಂದಿನ ಗಾಜಿನ ಪಕ್ಕದ ಕಂಬ ಎಷ್ಟು ದಪ್ಪ? ಬಲಕ್ಕೆ ತಿರುಗುವಾಗ ಆ ಕಂಬದ ಹಿಂದೆ ಒಂದು ಸ್ಕೂಟರ್ ಪೂರ್ತಿ ಮರೆಯಾಗುತ್ತದೆ. ಎಡಗಾಲು ಇಡಲು ಕ್ಲಚ್ ಪಕ್ಕ ಜಾಗ ಇದೆಯಾ?

ಹಾಡು ಆಫ್ ಮಾಡಿ. ಎಂಜಿನ್ ಸ್ಟಾರ್ಟ್ ಮಾಡಿ ಒಂದು ನಿಮಿಷ ಸುಮ್ನೆ ಕೂತುಕೊಳ್ಳಿ. ಸ್ಟೀರಿಂಗ್ ಮೇಲೆ, ಗೇರ್ ಮೇಲೆ, ಸೀಟಿನಲ್ಲಿ ಎಷ್ಟು ನಡುಕ ಬರುತ್ತದೆ? ಮೂರು ಸಿಲಿಂಡರಿನ ಎಂಜಿನ್‌ಗಳಲ್ಲಿ ಸ್ವಲ್ಪ ನಡುಕ ಸಹಜ. ಅದು ನಿಮಗೆ ಕಿರಿಕಿರಿ ಆಗುತ್ತದಾ ಅನ್ನುವುದಷ್ಟೇ ಪ್ರಶ್ನೆ. ಈಗ ಎಸಿ ಹಾಕಿ, ನಿಂತಲ್ಲೇ ಗಾಳಿ ಎಷ್ಟು ಬೇಗ ತಣ್ಣಗಾಗುತ್ತದೆ ನೋಡಿ. ಓಡುವಾಗ ಎಲ್ಲ ಎಸಿಯೂ ತಂಪು. ರಾಯಚೂರು, ಕಲಬುರಗಿಯ ಏಪ್ರಿಲ್ ಮಧ್ಯಾಹ್ನದಲ್ಲಿ ಸಿಗ್ನಲ್‌ನಲ್ಲಿ ನಿಂತಾಗ ಹಿಂದಿನ ಸೀಟಿಗೆ ತಂಪು ತಲುಪಬೇಕು. ಹಿಂದೆ ಕೂತವರನ್ನು ಕೇಳಿ.

ಮೊದಲು ಟ್ರಾಫಿಕ್ ಇರುವ ಕಡೆ ಹೋಗಿ. ಒಂದನೇ, ಎರಡನೇ ಗೇರಿನಲ್ಲಿ ತೆವಳುತ್ತಾ ಸಾಗಿ. ಕ್ಲಚ್ ಎಷ್ಟು ಗಟ್ಟಿ, ಎಷ್ಟು ಮೇಲೆ ಬಂದಾಗ ಹಿಡಿಯುತ್ತದೆ? ತೀರಾ ಮೇಲೆ ಹಿಡಿಯುವ ಕ್ಲಚ್ಚಿನಲ್ಲಿ ಪ್ರತಿ ಸಲ ಮಂಡಿ ಎತ್ತಬೇಕಾಗುತ್ತದೆ. ಹತ್ತು ನಿಮಿಷದಲ್ಲಿ ತಿಳಿಯುವುದಿಲ್ಲ, ಅರ್ಧ ಗಂಟೆಯಲ್ಲಿ ಕಾಲು ಹೇಳುತ್ತದೆ. ಎರಡನೇ ಗೇರಿನಲ್ಲೇ ಹಂಪ್ಸ್ ದಾಟಿ ಮತ್ತೆ ಎಳೆಯುತ್ತದಾ, ಪ್ರತಿ ಸಲ ಒಂದಕ್ಕೆ ಇಳಿಸಬೇಕಾ? ಊರೊಳಗೆ ಓಡಿಸುವವರಿಗೆ ಇದು ಎಂಜಿನ್ ಶಕ್ತಿಯ ಬಿಎಚ್‌ಪಿ ಲೆಕ್ಕಕ್ಕಿಂತ ಮುಖ್ಯ.

ಹಂಪ್ಸ್ ವಿಷಯ ಬಂದಿದ್ದಕ್ಕೆ ಹೇಳುತ್ತೇನೆ. ಬ್ರೋಶರಿನ ಗ್ರೌಂಡ್ ಕ್ಲಿಯರೆನ್ಸ್, ಅಂದರೆ ನೆಲದಿಂದ ಕಾರಿನ ತಳಕ್ಕಿರುವ ಎತ್ತರ, ಹೆಚ್ಚಾಗಿ ಖಾಲಿ ಕಾರಿನದ್ದು. ಐದು ಜನ ಕೂತು ಡಿಕ್ಕಿ ತುಂಬಿದರೆ ಕಾರು ಕೆಳಗಿಳಿಯುತ್ತದೆ. ಆದ್ದರಿಂದ ಒಂದು ಸುತ್ತು ಐವರನ್ನೂ ಕೂರಿಸಿಕೊಂಡು ನಿಮ್ಮ ಬೀದಿಯ ಅತಿ ಕೆಟ್ಟ ಹಂಪ್ಸ್ ಮೇಲೆ ನಿಧಾನಕ್ಕೆ ದಾಟಿಸಿ. ನಮ್ಮ ಹಳ್ಳಿಗಳ ರಸ್ತೆಯಲ್ಲಿ ಊರವರೇ ಹಾಕಿದ ಎತ್ತರದ ಹಂಪ್ಸ್‌ಗಳು ಯಾವ ಅಳತೆಗೂ ಸಿಗುವುದಿಲ್ಲ.

ಆಮೇಲೆ ಗುಂಡಿ ಬಿದ್ದ ರಸ್ತೆ. ಗಂಟೆಗೆ 30, 40 ಕಿಲೋಮೀಟರಿನಲ್ಲಿ ಹೋಗಿ. ಸಸ್ಪೆನ್ಷನ್ ಗುಂಡಿಯನ್ನು ನುಂಗುತ್ತದಾ, ಸೊಂಟಕ್ಕೆ ತಲುಪಿಸುತ್ತದಾ? ಒಂದು ಸಲ ಕುಲುಕಿ ನಿಲ್ಲುವುದು ಸರಿ, ಎರಡು ಮೂರು ಸಲ ತೂಗಾಡುವುದು ಸರಿಯಲ್ಲ. ಅಲ್ಲಿ ತೂಗಾಡುವ ಕಾರಿನಲ್ಲಿ ಘಾಟಿ ಇಳಿಯುವಾಗ ಮಕ್ಕಳಿಗೆ ವಾಂತಿ ಬರುತ್ತದೆ. ಡ್ಯಾಶ್‌ಬೋರ್ಡ್, ಬಾಗಿಲುಗಳಿಂದ ಕಟಕಟ ಸದ್ದು ಬರುತ್ತದಾ ಅಂತಲೂ ಕಿವಿಗೊಡಿ. ಈ ರಸ್ತೆಯಲ್ಲಿ ಒಂದು ಸಲ ನೀವು ಹಿಂದೆ ಕೂತು ಬೇರೆಯವರಿಗೆ ಓಡಿಸಲು ಕೊಡಿ. ಮುಂದೆ ಸುಖವಾಗಿರುವ ಎಷ್ಟೋ ಕಾರು ಹಿಂದೆ ಕುಕ್ಕುತ್ತದೆ.

ಏರು ಹುಡುಕಿ. ಮಾಲ್ ಅಥವಾ ಅಪಾರ್ಟ್‌ಮೆಂಟಿನ ಬೇಸ್‌ಮೆಂಟ್ ರ‍್ಯಾಂಪ್ ಆದರೆ ಒಳ್ಳೆಯದು. ಅರ್ಧದಲ್ಲಿ ನಿಲ್ಲಿಸಿ, ಹಿಂದೆ ಯಾರೂ ಇಲ್ಲ ಅಂತ ನೋಡಿಕೊಂಡು ಮತ್ತೆ ಹೊರಡಿ. ಹಿಲ್ ಹೋಲ್ಡ್ ಇದ್ದರೆ ಬ್ರೇಕಿನಿಂದ ಕಾಲು ತೆಗೆದ ಮೇಲೂ ಒಂದೆರಡು ಸೆಕೆಂಡು ಕಾರು ನಿಂತಿರುತ್ತದೆ. ಎಎಂಟಿ ಕಾರಿನಲ್ಲಿ ಈ ಪರೀಕ್ಷೆ ತಪ್ಪಿಸಲೇಬೇಡಿ. ಮೈಸೂರಿನವರಿಗೆ ಚಾಮುಂಡಿ ಬೆಟ್ಟವೇ ಇದೆ. ಸಕಲೇಶಪುರ, ಕೊಟ್ಟಿಗೆಹಾರದ ಕಡೆಯವರಿಗೆ ಶಿರಾಡಿ, ಚಾರ್ಮಾಡಿ ಹತ್ತಿರ. ಪೂರ್ತಿ ಘಾಟಿ ಹತ್ತಬೇಕಿಲ್ಲ. ನಾಲ್ಕು ತಿರುವು ಐವರನ್ನು ಕೂರಿಸಿಕೊಂಡು, ಎಸಿ ಹಾಕಿಕೊಂಡು ಹತ್ತಿದರೆ ಎಂಜಿನ್ನಿನ ನಿಜವಾದ ಶಕ್ತಿ ತಿಳಿಯುತ್ತದೆ.

ಎಂಜಿನ್ ಶಕ್ತಿಯ ಬಗ್ಗೆ ಇನ್ನೊಂದು ವಿಷಯ. ಬೆಂಗಳೂರು ಸಮುದ್ರ ಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ಇಲ್ಲಿ ಗಾಳಿ ತೆಳು, ಅಂದರೆ ಎಂಜಿನ್ನಿಗೆ ಸಿಗುವ ಆಮ್ಲಜನಕ ಕಡಿಮೆ. ಟರ್ಬೊ ಇಲ್ಲದ ಪೆಟ್ರೋಲ್ ಎಂಜಿನ್ ಮಂಗಳೂರಿನಲ್ಲಿ ಕೊಡುವ ಶಕ್ತಿಯಲ್ಲಿ ಸುಮಾರು ಹತ್ತನೇ ಒಂದು ಭಾಗ ಇಲ್ಲಿ ಕಡಿಮೆಯಾಗುತ್ತದೆ. ಟರ್ಬೊ ಎಂಜಿನ್ ಗಾಳಿಯನ್ನು ಒತ್ತಿ ತುಂಬುವುದರಿಂದ ಅದಕ್ಕೆ ಅಷ್ಟು ಪೆಟ್ಟು ಬೀಳುವುದಿಲ್ಲ. ಕರಾವಳಿಯಲ್ಲಿರುವ ಅಣ್ಣನ ಕಾರು ಓಡಿಸಿ ಖುಷಿಪಟ್ಟು ಬೆಂಗಳೂರಿನಲ್ಲಿ ಅದನ್ನೇ ಬುಕ್ ಮಾಡುವವರು ಇಲ್ಲೊಮ್ಮೆ ಓಡಿಸಿ ನೋಡಬೇಕು.

ಕೊನೆಗೆ ಖಾಲಿ ರಸ್ತೆ, ಸಾಧ್ಯವಾದರೆ ರಿಂಗ್ ರೋಡ್ ಅಥವಾ ಹೆದ್ದಾರಿ. 40ರಿಂದ 80ಕ್ಕೆ ಏರಿಸಿ. ಲಾರಿ ಓವರ್‌ಟೇಕ್ ಮಾಡಲು ಬೇಕಾಗುವ ಪಿಕಪ್ ಇದೇ. ಸೊನ್ನೆಯಿಂದ ನೂರಕ್ಕೆ ಎಷ್ಟು ಸೆಕೆಂಡು ಅನ್ನುವುದು ರೇಸಿಗೆ ಹೋಗುವವರಿಗೆ. 80ರಲ್ಲಿ ಸ್ಟೀರಿಂಗ್ ಗಟ್ಟಿಯಾಗಿ ನೆಟ್ಟಗೆ ಇರುತ್ತದಾ, ಚಿಕ್ಕಪುಟ್ಟದಕ್ಕೆ ತಿದ್ದುತ್ತಲೇ ಇರಬೇಕಾ? ಪಕ್ಕದವರ ಜೊತೆ ದನಿ ಏರಿಸದೆ ಮಾತಾಡಲು ಆಗುತ್ತದಾ? ಹಿಂದೆ ವಾಹನ ಇಲ್ಲ ಅಂತ ಕನ್ನಡಿಯಲ್ಲಿ ನೋಡಿ, ಪಕ್ಕದವರಿಗೆ ಹೇಳಿ, 60ರಿಂದ ಒಮ್ಮೆ ಗಟ್ಟಿಯಾಗಿ ಬ್ರೇಕ್ ಒತ್ತಿ. ಕಾರು ನೆಟ್ಟಗೇ ನಿಲ್ಲಬೇಕು, ಒಂದು ಕಡೆಗೆ ಎಳೆಯಬಾರದು. ಎಡಾಸ್ (ಮುಂದೆ ಇರುವುದನ್ನು ಗುರುತಿಸಿ ಓಡಿಸುವವರಿಗೆ ನೆರವಾಗುವ ವ್ಯವಸ್ಥೆ) ಇರುವ ಕಾರಾದರೆ ಅದು ಯಾವಾಗ ತಾನೇ ಬ್ರೇಕ್ ಹಾಕುತ್ತದೆ, ಅದನ್ನು ಆಫ್ ಮಾಡುವುದು ಹೇಗೆ ಅಂತ ಹೊರಡುವ ಮೊದಲೇ ಕೇಳಿರಿ. ಗೆರೆಯೇ ಇಲ್ಲದ ರಸ್ತೆಯಲ್ಲಿ, ಅಡ್ಡ ಬರುವ ಬೈಕುಗಳ ನಡುವೆ ಅದು ಗಾಬರಿ ಹುಟ್ಟಿಸಬಹುದು.

ವಾಪಸ್ ಬಂದ ಮೇಲೆ ನಿಮ್ಮ ಮನೆಯ ಪಾರ್ಕಿಂಗಿಗೆ ರಿವರ್ಸ್ ಹಾಕಿ. ಕ್ಯಾಮೆರಾ ನೋಡಿಕೊಂಡು ಒಮ್ಮೆ, ಕನ್ನಡಿ ನೋಡಿಕೊಂಡು ಒಮ್ಮೆ. ಮನೆಯಲ್ಲಿ ಓಡಿಸುವ ಪ್ರತಿಯೊಬ್ಬರೂ ಇದನ್ನು ಮಾಡಲಿ. ಕಾರು ಗಂಡಸರು ನೋಡಿ ಆರಿಸುತ್ತಾರೆ, ಆಮೇಲೆ ದಿನಾ ಓಡಿಸುವುದು ಹೆಂಡತಿಯೋ ಮಗಳೋ ಆಗಿರುತ್ತಾರೆ. ಅವರ ಕಾಲಿಗೆ ಪೆಡಲ್ ಎಟುಕಬೇಕು, ಅವರ ಕಣ್ಣಿಗೆ ರಸ್ತೆ ಕಾಣಬೇಕು.

ಇಳಿದ ತಕ್ಷಣ ಫೋನಿನಲ್ಲಿ ನಾಲ್ಕು ಸಾಲು ಬರೆದಿಡಿ. ಎರಡನೇ ಕಾರು ಓಡಿಸುವ ಹೊತ್ತಿಗೆ ಮೊದಲನೆಯದು ಮರೆತಿರುತ್ತದೆ. ಸಾಧ್ಯವಾದರೆ ಎರಡೂ ಕಾರನ್ನು ಒಂದೇ ದಿನ, ಒಂದೇ ದಾರಿಯಲ್ಲಿ ಓಡಿಸಿ. ಇಷ್ಟವಾದ ಕಾರನ್ನು ಇನ್ನೊಂದು ದಿನ ಕತ್ತಲಾದ ಮೇಲೆ ಕೇಳಿ. ಹೆಡ್‌ಲೈಟ್ ಬೆಳಕು ರಸ್ತೆಯ ಅಂಚಿನವರೆಗೆ ಹರಡುತ್ತದಾ ಅನ್ನುವುದು ಹಗಲಿನಲ್ಲಿ ತಿಳಿಯುವುದಿಲ್ಲ.

ಸರ್ವಿಸ್ ಸೆಂಟರಿಗೂ ಒಮ್ಮೆ ಹೋಗಿ ಬನ್ನಿ

ಶನಿವಾರ ಬೆಳಿಗ್ಗೆ ನಿಮ್ಮ ಊರಿನ ಸರ್ವಿಸ್ ಸೆಂಟರಿಗೆ ಹೋಗಿ. ಅಲ್ಲಿ ಕಾಯುತ್ತಾ ಕೂತವರು ಸುಳ್ಳು ಹೇಳುವುದಿಲ್ಲ. ಮೈಲೇಜ್ ನಿಜಕ್ಕೂ ಎಷ್ಟು ಬರುತ್ತಿದೆ, ಹೋದ ಸಲದ ಬಿಲ್ ಎಷ್ಟಾಯಿತು, ಬಿಡಿಭಾಗ ಎಷ್ಟು ದಿನಕ್ಕೆ ಬಂತು ಕೇಳಿ. ಜಿಲ್ಲಾ ಕೇಂದ್ರದಿಂದ ದೂರ ಇರುವವರಿಗೆ ಇದು ಇನ್ನೂ ಮುಖ್ಯ. ಪ್ರತಿ ಸರ್ವಿಸ್‌ಗೂ ನೂರು ಕಿಲೋಮೀಟರ್ ಹೋಗಿ ಬರುವ ಕಾರು ಎಷ್ಟು ಚೆನ್ನಾಗಿದ್ದರೂ ಬೇಸರ ತರಿಸುತ್ತದೆ.

ಕೊಟೇಶನ್ ಮತ್ತು ಬುಕಿಂಗ್

ಟೆಸ್ಟ್ ಡ್ರೈವ್ ಮುಗಿಸಿದ ದಿನವೇ ಬುಕ್ ಮಾಡಬೇಡಿ. "ಇವತ್ತೇ ಕೊನೆ ಆಫರ್" ಅಂದರೆ ಮನೆಗೆ ಹೋಗಿ ಮಲಗಿ. ಎರಡು ಮೂರು ಡೀಲರುಗಳಿಂದ ಬರಹದಲ್ಲಿ ಕೊಟೇಶನ್ ತೆಗೆದುಕೊಳ್ಳಿ. ಬಾಯಿಮಾತಿನ ರಿಯಾಯಿತಿ, ಉಚಿತ ಆಕ್ಸೆಸರೀಸ್ ಯಾವುದೂ ಲೆಕ್ಕಕ್ಕಿಲ್ಲ, ಕಾಗದದಲ್ಲಿ ಇರಬೇಕು.

ಕೊಟೇಶನ್ನಿನ ಪ್ರತಿ ಸಾಲು ಓದಿ. ಹ್ಯಾಂಡ್ಲಿಂಗ್ ಚಾರ್ಜ್, ಲಾಜಿಸ್ಟಿಕ್ಸ್, ಎಸೆನ್ಷಿಯಲ್ ಕಿಟ್ ಅಂತ ಇದ್ದರೆ ತೆಗೆಯಲು ಹೇಳಿ. ಗಟ್ಟಿಯಾಗಿ ಕೇಳಿದವರಿಗೆ ತೆಗೆದುಕೊಡುತ್ತಾರೆ. ಇನ್ಶೂರೆನ್ಸ್ ಶೋರೂಮಿನಲ್ಲೇ ಮಾಡಿಸಬೇಕು ಅಂತ ಕಡ್ಡಾಯ ಇಲ್ಲ. ಹೊಸ ಕಾರಿಗೆ ಮೂರು ವರ್ಷದ ಥರ್ಡ್ ಪಾರ್ಟಿ ಪಾಲಿಸಿ (ನಮ್ಮ ಕಾರಿನಿಂದ ಬೇರೆಯವರಿಗೆ ಆಗುವ ಹಾನಿಗೆ) ಕಡ್ಡಾಯ. ಹೊರಗಿನ ಎರಡು ಕಂಪನಿಗಳ ದರ ಇಟ್ಟುಕೊಂಡು ಮಾತಾಡಿದರೆ ಹೆಚ್ಚಿನ ಸಲ ಶೋರೂಮಿನ ದರವೂ ಇಳಿಯುತ್ತದೆ. ಹೊಸ ಕಾರಿಗೆ ಜೀರೋ ಡೆಪ್ರಿಸಿಯೇಷನ್ ಬೇಕು, ಅಂದರೆ ಬಿಡಿಭಾಗ ಹಳತಾಯಿತು ಅಂತ ಕ್ಲೇಮಿನಲ್ಲಿ ಹಣ ಕಳೆಯದ ಪಾಲಿಸಿ. ಮಳೆಗಾಲದಲ್ಲಿ ನೀರು ನಿಲ್ಲುವ ಬಡಾವಣೆಯವರು ಎಂಜಿನ್ ಪ್ರೊಟೆಕ್ಷನ್ ಕೂಡ ಸೇರಿಸಿ.

ಯಾವಾಗ ಕೊಳ್ಳುವುದು? ಆಷಾಢದಲ್ಲಿ ನಮ್ಮವರು ಹೊಸ ವಾಹನ ಮನೆಗೆ ತರುವುದಿಲ್ಲ, ಶೋರೂಮ್ ಖಾಲಿ ಹೊಡೆಯುತ್ತಿರುತ್ತದೆ. ರಿಯಾಯಿತಿ ಮಾತಾಡಲು ಒಳ್ಳೆ ಕಾಲ. ಮುಹೂರ್ತ ನೋಡುವವರೂ ಆಷಾಢದಲ್ಲಿ ದರ ಕುದುರಿಸಿ ಬುಕ್ ಮಾಡಿ, ಶ್ರಾವಣದಲ್ಲಿ ಡೆಲಿವರಿ ತೆಗೆದುಕೊಳ್ಳಬಹುದು. ಆ ಬೆಲೆಯೇ ಡೆಲಿವರಿ ದಿನಕ್ಕೂ ಅನ್ವಯ ಅಂತ ಬರೆಸಿಕೊಳ್ಳಿ ಅಷ್ಟೇ. ಆಯುಧಪೂಜೆ, ಯುಗಾದಿಯ ಹಿಂದುಮುಂದಿನ ವಾರ ನೂಕುನುಗ್ಗಲು, ಡೆಲಿವರಿಯೂ ಅವಸರದ್ದು. ಡಿಸೆಂಬರಿನಲ್ಲಿ ಒಳ್ಳೆ ರಿಯಾಯಿತಿ ಇರುತ್ತದೆ. ಆದರೆ ಒಂದೇ ತಿಂಗಳಿಗೆ ಕಾರು ಕಾಗದದಲ್ಲಿ ಹೋದ ವರ್ಷದ್ದಾಗುತ್ತದೆ. ಮೂರು ನಾಲ್ಕು ವರ್ಷಕ್ಕೆ ಮಾರುವ ಯೋಚನೆ ಇದ್ದರೆ ಜನವರಿವರೆಗೆ ಕಾಯಿರಿ, ಹತ್ತು ವರ್ಷ ಇಟ್ಟುಕೊಳ್ಳುವವರು ಡಿಸೆಂಬರಿನಲ್ಲೇ ಕೊಳ್ಳಿ.

ಬುಕಿಂಗ್ ರದ್ದು ಮಾಡಿದರೆ ಎಷ್ಟು ವಾಪಸ್, ಎಷ್ಟು ದಿನದಲ್ಲಿ ಅನ್ನುವುದನ್ನೂ ರಸೀದಿಯಲ್ಲಿ ಬರೆಸಿ.

ನೋಂದಣಿಗೆ ಮುಂಚೆ ಕಾರು ನೋಡಿ

ಇದು ಬಹಳ ಜನರಿಗೆ ಗೊತ್ತಿಲ್ಲದ ಹಂತ. ನಿಮ್ಮ ಹೆಸರಿಗೆ ನೋಂದಣಿ ಆದ ಮೇಲೆ ತಪ್ಪು ಕಂಡರೆ ಬೇರೆ ಕಾರು ಕೇಳುವುದು ಬಹಳ ಕಷ್ಟ. ಆದ್ದರಿಂದ ಪೂರ್ತಿ ಹಣ ಕಟ್ಟುವ, ನೋಂದಣಿ ಮಾಡಿಸುವ ಮುಂಚೆ ನಿಮಗೆ ಕೊಡುವ ಕಾರನ್ನು ಯಾರ್ಡಿನಲ್ಲೇ ತೋರಿಸಲು ಹೇಳಿ. ಇದನ್ನು ಪಿಡಿಐ ಅನ್ನುತ್ತಾರೆ. ಹಗಲು ಹೊತ್ತಿನಲ್ಲಿ ಹೋಗಿ, ಕಾರು ತೊಳೆದಿರಬೇಕು.

ಬಣ್ಣವನ್ನು ಓರೆಯಾಗಿ ನೋಡಿ, ಒಂದು ಭಾಗಕ್ಕೂ ಇನ್ನೊಂದಕ್ಕೂ ಛಾಯೆ ಬೇರೆ ಇದ್ದರೆ ಅಲ್ಲಿ ಮತ್ತೆ ಪೇಂಟ್ ಆಗಿರಬಹುದು. ಬಾಗಿಲು, ಬಾನೆಟ್ ನಡುವಿನ ಸಂದು ಎರಡೂ ಕಡೆ ಸಮ ಇದೆಯಾ? ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತದೆ. 2325 ಅಂದರೆ 2025ರ 23ನೇ ವಾರ ತಯಾರಾದ ಟೈರ್. ನಾಲ್ಕೂ ಟೈರ್, ಸ್ಟೆಪ್ನಿ ಹೆಚ್ಚುಕಮ್ಮಿ ಒಂದೇ ಕಾಲದ್ದಾಗಿರಬೇಕು. ಕಾರು ಯಾವ ತಿಂಗಳು ತಯಾರಾಯಿತು ಅನ್ನುವುದು ಮಾರಾಟ ಪತ್ರದಲ್ಲಿ, ಅಂದರೆ ಫಾರಂ 21ರಲ್ಲಿ ಇರುತ್ತದೆ. ಕಾರಿನ ಮೇಲಿನ 17 ಅಕ್ಷರದ ಚಾಸಿಸ್ ನಂಬರನ್ನು ಇನ್‌ವಾಯ್ಸ್ ಜೊತೆ ಒಂದೊಂದೇ ಅಕ್ಷರ ಹೋಲಿಸಿ, ಫೋಟೊ ತೆಗೆದಿಟ್ಟುಕೊಳ್ಳಿ. ಡೆಲಿವರಿ ದಿನ ಅದೇ ಕಾರು ಬಂತಾ ಅಂತ ನೋಡಲು ಬೇಕು. ಓಡೋಮೀಟರ್ ನೂರು ದಾಟಿದ್ದರೆ ಯಾಕೆ ಅಂತ ಕೇಳಿ. ಎಲ್ಲ ಲೈಟು, ಕಿಟಕಿ, ವೈಪರ್, ಎಸಿ, ಹಾರ್ನ್ ಹಾಕಿ ನೋಡಿ. ಜಾಕ್, ಸ್ಪ್ಯಾನರ್, ಎರಡು ಕೀ ಇರಲಿ.

ಡೆಲಿವರಿ ದಿನ ಹೂವಿನ ಹಾರ, ಫೋಟೊ, ಚಕ್ರದಡಿ ನಿಂಬೆಹಣ್ಣು ಎಲ್ಲ ಇರಲಿ. ಆದರೆ ಪೂಜೆಗೆ ಮುಂಚೆ ಇನ್ನೊಂದು ಸುತ್ತು ನೋಡಿ, ಆಮೇಲೆ ಡೆಲಿವರಿ ಪತ್ರಕ್ಕೆ ಸಹಿ ಹಾಕಿ. ಇನ್‌ವಾಯ್ಸ್, ಇನ್ಶೂರೆನ್ಸ್, ಫಾರಂ 21, 22, ವಾರಂಟಿ ಪುಸ್ತಕ, ಫಾಸ್ಟ್ಯಾಗ್ ಕೈಗೆ ಬಂದಿರಬೇಕು. ಎಚ್‌ಎಸ್‌ಆರ್‌ಪಿ ನಂಬರ್ ಪ್ಲೇಟ್ ಹಾಕದ ಕಾರನ್ನು ರಸ್ತೆಗೆ ತರಬೇಡಿ. ಹೊರಗಡೆ ವೈರ್ ಕತ್ತರಿಸಿ ಲೈಟು, ಹಾರ್ನ್ ಹಾಕಿಸಿದರೆ ವಾರಂಟಿಗೆ ತೊಂದರೆಯಾಗುತ್ತದೆ.

ಮೊದಲ ಸಾವಿರ ಕಿಲೋಮೀಟರ್ ಎಂಜಿನ್ನನ್ನು ಜೋರಾಗಿ ಎಳೆಸಬೇಡಿ, ಒಂದೇ ವೇಗದಲ್ಲಿ ಗಂಟೆಗಟ್ಟಲೆಯೂ ಓಡಿಸಬೇಡಿ. ಓನರ್ಸ್ ಮ್ಯಾನುಯಲ್‌ನಲ್ಲಿ ಇದಕ್ಕೆ ಒಂದು ಪುಟವೇ ಇರುತ್ತದೆ. ಮೊದಲ ಉಚಿತ ಸರ್ವಿಸ್ ಯಾವಾಗ ಅನ್ನುವುದೂ ಅದರಲ್ಲಿದೆ. ಕಿಲೋಮೀಟರ್ ಆಗದಿದ್ದರೂ ತಿಂಗಳ ಲೆಕ್ಕಕ್ಕೆ ಸರಿಯಾಗಿ ಹೋಗಿ, ಇಲ್ಲದಿದ್ದರೆ ಮುಂದೆ ವಾರಂಟಿ ಕೇಳುವಾಗ ಅದನ್ನೇ ತೋರಿಸುತ್ತಾರೆ.